ಬಾಸಿಂಗದ ಅಂಗಡಿ ಮುಚ್ಚಿದ ಮೇಲೆ

ಸಿರಿಗಲ್ಲು ಎಂಬ ಒಂದು ಊರಿತ್ತು. ರಾಜಧಾನಿಯಂಥ ದೊಡ್ಡ ಪಟ್ಟಣವಲ್ಲ, ಹಾಗಂತ ಹಳ್ಳಿಯೂ ಅಲ್ಲ. ಬೆಳಗಿನ ಬಸ್ಸಿಗೆ ಬಂದವರು ಪೇಟೆಯ ಕೆಲಸವನ್ನೆಲ್ಲ ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಮನೆ ಸೇರಬಹುದಾದ ಹದವಾದ ಊರು. ಅಂಗಡಿಯ ಬಾಡಿಗೆ ಕೈಗೆಟುಕುವಂತಿತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಅದೇ ಪೇಟೆ. ಬಂದ ಗಿರಾಕಿಯ ಮುಖ ನೋಡಿದರೆ ಸಾಕು, ಯಾವ ಊರು, ಯಾರ ಮನೆ, ಅವರ ಅಜ್ಜ ಎಂಥವನಾಗಿದ್ದ ಎಂಬುದೆಲ್ಲ ಅಂಗಡಿಯವನಿಗೆ ತಿಳಿಯುತ್ತಿತ್ತು. ವ್ಯಾಪಾರ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು ಹೇಳಿ?

ಆ ಊರಿನಲ್ಲಿ ಮದುವೆ ಓಣಿ ಎಂದೇ ಹೆಸರಾದ ಒಂದು ಬೀದಿ. ಅಲ್ಲಿ ಪದ್ಮಣ್ಣನ ಪಾತ್ರೆ ಅಂಗಡಿ, ಮಾಬುಬಿಯ ಬಳೆ ಅಂಗಡಿ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು, ಬಂದವರಿಗೆ ಬಿಸಿ ರೊಟ್ಟಿ ಬಡಿಸುವ ಖಾನಾವಳಿ ಎಲ್ಲವೂ ಸಾಲಾಗಿದ್ದವು. ಎಲ್ಲಕ್ಕೂ ದೊಡ್ಡದು ಷಡಕ್ಷರಪ್ಪನ ಜವಳಿ ಅಂಗಡಿ. ಅದರ ಪಕ್ಕಕ್ಕೇ ಅಂಟಿಕೊಂಡು ಪರಸಪ್ಪನ ಬಾಸಿಂಗದ ಅಂಗಡಿ. ಅಂಗಡಿ ಎನ್ನುವುದೇ ಜಾಸ್ತಿಯಾಯಿತು, ಎರಡೂ ಕೈ ಚಾಚಿದರೆ ಗೋಡೆ ತಗಲುತ್ತಿತ್ತು. ಅಷ್ಟರಲ್ಲೇ ಕೂತು ಪರಸಪ್ಪ ಬೆಂಡು ಕತ್ತರಿಸಿ, ಹೊಳೆಯುವ ಬೇಗಡೆ ಕಾಗದ ಅಂಟಿಸಿ, ಮದುಮಕ್ಕಳ ಹಣೆಯ ಅಳತೆಗೆ ಸರಿಯಾಗಿ ಬಾಸಿಂಗ ಮಾಡಿಕೊಡುತ್ತಿದ್ದ. ಅದರಲ್ಲಿ ಹೇಳಿಕೊಳ್ಳುವಂಥ ಗಳಿಕೆ ಇರಲಿಲ್ಲ. ಆದರೆ ಆ ಸೀಮೆಯಲ್ಲಿ ಬಾಸಿಂಗವಿಲ್ಲದೆ ಯಾರ ಮದುವೆಯೂ ಆಗುತ್ತಿರಲಿಲ್ಲ.

ಓಣಿಯಲ್ಲಿ ಒಂದು ರೂಢಿಯಿತ್ತು. ಅದನ್ನು ‘ಒಪ್ಪಿಸಿ ಬರುವುದು’ ಎನ್ನುತ್ತಿದ್ದರು. ಒಂದು ಅಂಗಡಿಯಲ್ಲಿ ವ್ಯಾಪಾರ ಮುಗಿಯಿತೆನ್ನಿ. ಆ ಅಂಗಡಿಯ ಯಜಮಾನನೇ ಗಾದಿಯಿಂದೆದ್ದು, ಚಪ್ಪಲಿ ಮೆಟ್ಟಿಕೊಂಡು, ಗಿರಾಕಿಗಳನ್ನು ಮುಂದಿನ ಅಂಗಡಿಗೆ ಕರೆದುಕೊಂಡು ಹೋಗಬೇಕು. “ಇವರು ನಮ್ಮ ಮಂದಿ, ಛಲೋತ್ನ್ಯಾಗ ನೋಡಿ ಕೊಡು” ಎಂದು ಹೇಳಿ ಬರಬೇಕು. ಹೀಗೆ ಕೈಯಿಂದ ಕೈಗೆ ದಾಟುತ್ತ, ಮದುವೆಯವರು ಸಂಜೆಯ ಹೊತ್ತಿಗೆ ಗಂಟು ಮೂಟೆ ಕಟ್ಟಿಕೊಂಡು ನಗುನಗುತ್ತ ಬಸ್ಸು ಹತ್ತುತ್ತಿದ್ದರು.

ಈ ರೂಢಿ ಹಾಕಿದವನು ಷಡಕ್ಷರಪ್ಪನ ತಂದೆ ಚನ್ನವೀರಪ್ಪ. ಸಾಯುವ ಮುಂಚೆಯೂ ಮಗನಿಗೆ ಅದನ್ನೇ ಹೇಳಿದ್ದ. “ತಮ್ಮಾ, ಗಿರಾಕಿ ಬಸ್ಸಿನಿಂದ ಇಳಿಯೋದು ನಿನ್ನ ಅಂಗಡಿಗಲ್ಲ, ಓಣಿಗೆ. ಇದನ್ನ ಮರೀಬ್ಯಾಡ.”

ಮಗ ಹೂಂ ಅಂದಿದ್ದ. ಸಾಯುವವರ ಮುಂದೆ ಯಾರು ತಾನೆ ಊಹೂಂ ಅಂದಾರು?

ಒಮ್ಮೆ ಸೀರೆ ಖರೀದಿಗೆಂದು ಷಡಕ್ಷರಪ್ಪ ರಾಜಧಾನಿಗೆ ಹೋದ. ಅಲ್ಲಿ ಐದು ಅಂತಸ್ತಿನ ಒಂದು ಅಂಗಡಿ ನೋಡಿದ. ಸೀರೆ, ಪಾತ್ರೆ, ಬಳೆ, ಬೆಳ್ಳಿ ಎಲ್ಲವೂ ಒಂದೇ ಸೂರಿನಡಿ. ಜನ ಇರುವೆ ಸಾಲಿನ ಹಾಗೆ ಒಳಗೆ ಹೋಗುತ್ತಿದ್ದರು. ಅವನ ತಲೆಗೆ ಹುಳ ಹೊಕ್ಕಿತು. ‘ನನ್ನ ಗಿರಾಕಿಯನ್ನು ನಾನೇ ಕರೆದೊಯ್ದು ಇನ್ನೊಬ್ಬರ ಬಾಗಿಲಿಗೆ ಬಿಟ್ಟು ಬರುತ್ತೇನಲ್ಲ, ನನ್ನಂಥ ದಡ್ಡ ಇನ್ನೊಬ್ಬನಿದ್ದಾನೆಯೇ?’ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡು ಬಂದ. ಆ ಅಂಗಡಿಗೆ ಹೋಗುವ ಜನ ಆ ಪಟ್ಟಣದಲ್ಲೇ ಲಕ್ಷಗಟ್ಟಲೆ ವಾಸವಾಗಿದ್ದಾರೆ, ತನ್ನ ಗಿರಾಕಿಗಳು ಹಳ್ಳಿಯಿಂದ ಬಸ್ಸು ಹತ್ತಿ ಬರಬೇಕು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಬಂದವನೇ ಅಂಗಡಿಯನ್ನು ಕೆಡವಿ ದೊಡ್ಡದಾಗಿ ಕಟ್ಟಿಸಲು ನಿಂತ. ಅಗಲವಾದ ಬಾಗಿಲು ಬೇಕಲ್ಲ? ಪರಸಪ್ಪ ಕೂರುತ್ತಿದ್ದ ಜಾಗ ಷಡಕ್ಷರಪ್ಪನದೇ. ಅವನನ್ನು ಕರೆಸಿ ಜಾಗ ಬಿಡು ಎಂದ.

ಪರಸಪ್ಪನ ಕೈಯಲ್ಲಿ ಅರ್ಧ ಮುಗಿದ ಬಾಸಿಂಗವಿತ್ತು. ಅದನ್ನು ಹಿಡಿದುಕೊಂಡೇ ನಿಂತ.

“ಸಾವ್ಕಾರ್ರ, ಈ ಜಾಗ ನಿಮ್ಮ ಅಪ್ಪಾರು ನಮ್ಮ ಅಪ್ಪಗ ಮಾತಿನ ಮ್ಯಾಲೆ ಕೊಟ್ಟಿದ್ರು.”

“ಮಾತು ಕೊಟ್ಟವ್ರೂ ಇಲ್ಲ, ಇಸಗೊಂಡವ್ರೂ ಇಲ್ಲ. ಕಾಲ ಬದಲಾಗೈತಿ ಪರಸಪ್ಪ. ಬ್ಯಾರೆ ಕಡೆ ನೋಡ್ಕೋ.”

ಪರಸಪ್ಪ ಜಗಳ ಆಡುವವನಲ್ಲ. ಎರಡು ದಿನ ಕೂತು ಕೈಯಲ್ಲಿದ್ದ ಬಾಸಿಂಗ ಮುಗಿಸಿದ. ಅದನ್ನು ತಂದು ಷಡಕ್ಷರಪ್ಪನ ಕೈಗಿಟ್ಟು, “ಇದರ ಮಂದಿ ನಾಳೆ ಬರ್ತಾರ್ರೀ. ನೀವ ಒಪ್ಪಿಸಿಬಿಡ್ರಿ” ಎಂದ. ಹೆಂಡತಿ ಮಕ್ಕಳೊಂದಿಗೆ ಬನ್ನಿಹಟ್ಟಿಗೆ ಹೋದ. ಅದೂ ಸಿರಿಗಲ್ಲಿನಂಥದೇ ಊರು, ಬಸ್ಸಿನಲ್ಲಿ ಎರಡು ತಾಸಿನ ದಾರಿ. ಹೋಗುವವನ ಬೆನ್ನು ನೋಡುವಾಗ ಷಡಕ್ಷರಪ್ಪನಿಗೆ ಒಳಗೆ ಚುರುಕ್ಕೆಂದದ್ದು ನಿಜ. ಆದರೆ ಅಷ್ಟರಲ್ಲಿ ಗಾರೆಯವರು ಕರೆದರು, ಅವನು ಆ ಕಡೆ ನಡೆದ.

ಹೊಸ ಅಂಗಡಿ ತೆರೆಯಿತು. ಮೊದಮೊದಲು ಗಾಜಿನ ಬಾಗಿಲು, ಮೈ ತಣ್ಣಗಾಗಿಸುವ ಗಾಳಿ ನೋಡಲೆಂದೇ ಜನ ನುಗ್ಗಿದರು. ಷಡಕ್ಷರಪ್ಪ ಪಾತ್ರೆಯನ್ನೂ ಇಟ್ಟ, ಬಳೆಯನ್ನೂ ಇಟ್ಟ. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಬಾಸಿಂಗ ತರಿಸಿ ಸಾಲಾಗಿ ತೂಗುಹಾಕಿದ. ಒಪ್ಪಿಸಿ ಬರುವುದನ್ನು ನಿಲ್ಲಿಸಿಬಿಟ್ಟ. “ಮುಂದ ಎಲ್ಲಿ ಹೋಗಬೇಕು ಅಂತ ಯಾರರ ಕೇಳಿದ್ರ, ಎಲ್ಲಾ ಇಲ್ಲೇ ಐತಿ ಅನ್ರಿ” ಎಂದು ಕೆಲಸದವರಿಗೆ ತಾಕೀತು ಮಾಡಿದ.

ಮಾಬುಬಿ ಒಂದು ದಿನ ಬಂದಳು. ಷಡಕ್ಷರಪ್ಪನ ಹೆಂಡತಿ ನೀಲಮ್ಮನ ಸೀಮಂತಕ್ಕೆ ಕೈತುಂಬ ಹಸಿರು ಬಳೆ ಇಟ್ಟವಳು ಅವಳೇ.

“ಅಣ್ಣಾ, ಮೊದ್ಲು ದಿನಾ ಒಂದ್ ಮನಿಯವರನ್ನಾದ್ರೂ ಕರ್ಕೊಂಡ್ ಬರ್ತಿದ್ದಿ. ಪರಸಪ್ಪನೂ ಕಳಸ್ತಿದ್ದ. ಈಗ ನನ್ನ ಬಾಗಿಲಿಗೆ ಯಾರೂ ಬರವಲ್ರು.”

“ಅಂಗಡಿ ನಿಂದು ಅಂದಮ್ಯಾಲೆ ಗಿರಾಕಿ ಹುಡುಕ್ಕೊಳ್ಳೋದೂ ನಿಂದೇ ಅಲ್ಲೇನು?” ಎಂದ ಷಡಕ್ಷರಪ್ಪ, ಮುಖ ಎತ್ತದೆ.

ಅವಳು ಮೆಟ್ಟಿಲಿಳಿದು ಹೋದಳು. ದೀಪಾವಳಿಯ ಹೊತ್ತಿಗೆ ಅವಳ ಬಾಗಿಲಿಗೆ ಬೀಗ ಬಿತ್ತು. ಆಮೇಲೆ ಪದ್ಮಣ್ಣನೂ ಅಂಗಡಿ ಮುಚ್ಚಿ ಊರು ಬಿಟ್ಟ. ಒಂದೊಂದು ಬಾಗಿಲು ಮುಚ್ಚಿದಾಗಲೂ ಷಡಕ್ಷರಪ್ಪ ಒಳಗೊಳಗೇ ಹಿಗ್ಗಿದ. ಇನ್ನು ಊರಿಗೆ ಊರೇ ತನ್ನ ಮೆಟ್ಟಿಲು ಹತ್ತಬೇಕು ಎಂದುಕೊಂಡ. ತಾನು ಕೂತ ಕೊಂಬೆಯನ್ನು ತಾನೇ ಕಡಿಯುವವನಿಗೆ ಕೊಡಲಿಯ ಸದ್ದು ಚೆಂದವೇ ಕೇಳಿಸುತ್ತದೆ, ಬೀಳುವ ತನಕ.

ಒಂದು ದಿನ ಹಳ್ಳಿಯಿಂದ ಒಬ್ಬ ಮುದುಕಿ ಮದುವೆಯವರನ್ನು ಕಟ್ಟಿಕೊಂಡು ಬಂದಳು. ಹೊತ್ತು ಏರುವವರೆಗೆ ಕೂತು ಸೀರೆಗಳನ್ನು ಆರಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಕೊನೆಗೆ ಬಾಸಿಂಗ ಕೇಳಿದಳು. ಕೆಲಸದವನು ಡಬ್ಬಿ ತಂದುಕೊಟ್ಟ. ಮುದುಕಿ ಅದನ್ನು ಗೇಣಿನಿಂದ ಅಳೆದು ನೋಡಿದಳು.

“ನಮ್ಮ ಹುಡುಗನ ಹಣಿ ಅಗಲ ಐತಿ. ಇದು ಕೂಸಿಗೆ ಕಟ್ಟಿದಂಗ ಆಕ್ಕತಿ. ಇಲ್ಲೇ ಪರಸಪ್ಪ ಅಂತ ಇದ್ನಲ್ಲ, ಎಲ್ಲದಾನ?”

“ಬನ್ನಿಹಟ್ಟಿಗೆ ಹೋದ್ನಂತ” ಎಂದ ಷಡಕ್ಷರಪ್ಪ.

“ಹಂಗಾರ ನಾವೂ ಅಲ್ಲಿಗೇ ಹೋಗಬೇಕಾತು. ಹೆಂಗೂ ಹೋಗ್ತೀವಿ, ಸೀರಿನೂ ಅಲ್ಲೇ ನೋಡಿದ್ರಾತು ಬಿಡ್ರಿ” ಎಂದು ತೊಡೆಯ ಮೇಲಿದ್ದ ಸೀರೆಗಳನ್ನು ಒಂದೊಂದಾಗಿ ಕೆಳಗಿಟ್ಟು ಎದ್ದಳು.

ಆ ಮುದುಕಿ ಮೊದಲನೆಯವಳು, ಅಷ್ಟೇ. ಒಂದು ಮದುವೆಗೆ ಎರಡು ಊರು ಯಾರು ತಿರುಗುತ್ತಾರೆ? ಊಟಕ್ಕೆ ಕೂರುವವರಿಲ್ಲದೆ ಖಾನಾವಳಿ ಮುಚ್ಚಿತು. ಖಾನಾವಳಿ ಮುಚ್ಚಿದ ಮೇಲೆ, ಮಕ್ಕಳು ಮುದುಕರನ್ನು ಕರೆದುಕೊಂಡು ಬರುವವರು ಇನ್ನೂ ಕಡಿಮೆಯಾದರು. ಪ್ರೆಸ್ಸಿನವನೂ ಗಂಟುಮೂಟೆ ಕಟ್ಟಿದ. ಬಸ್ಸುಗಳು ಮೊದಲಿನ ಹಾಗೆಯೇ ಸಿರಿಗಲ್ಲಿಗೆ ಬರುತ್ತಿದ್ದವು, ನಿಲ್ಲುತ್ತಿದ್ದವು. ಮದುವೆಯವರು ಕಿಟಕಿಯಿಂದ ಹೊರಗೆ ನೋಡಿ, ಅಲ್ಲೇ ಕೂತು, ಬನ್ನಿಹಟ್ಟಿಗೆ ಟಿಕೆಟ್ ತೆಗೆಯುತ್ತಿದ್ದರು. ದೊಡ್ಡ ಅಂಗಡಿಯಲ್ಲಿ ದೀಪಗಳು ಉರಿಯುತ್ತಿದ್ದವು. ಷಡಕ್ಷರಪ್ಪ ಗಾದಿಯ ಮೇಲೆ ಒಬ್ಬನೇ ಕೂತಿರುತ್ತಿದ್ದ. ಕೆಲಸದವರು ಮಡಿಸಿದ ಸೀರೆಗಳನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದರು.

ಹೀಗಿರುವಾಗ ಅವನ ಮಗಳು ಶೈಲಜಾಳ ಮದುವೆ ಗೊತ್ತಾಯಿತು. ಷಡಕ್ಷರಪ್ಪ ತನ್ನ ಅಂಗಡಿಯ ಡಬ್ಬಿಯೊಂದನ್ನು ಮನೆಗೆ ತಂದ. ನೀಲಮ್ಮ ಅದನ್ನು ಮುಟ್ಟಲೂ ಇಲ್ಲ.

“ನಿಮ್ಮ ಮಗಳ ಹಣಿಗೆ ಈ ಡಬ್ಬಿ ಬಾಸಿಂಗ ಕಟ್ಟಸ್ತೀರೇನ್ರೀ?”

ಊರವರ ಮಕ್ಕಳಿಗೆ ಮಾರಿದ್ದು ತನ್ನ ಮಗಳಿಗೆ ಬಂದಾಗ ಅವನಿಗೂ ಬೇಡವಾಯಿತು. ಮಗಳ ಹಣೆಯ ಅಳತೆ, ಅಳಿಯನ ಹಣೆಯ ಅಳತೆಯ ದಾರಗಳನ್ನು ನೀಲಮ್ಮ ಕರ್ಚೀಫಿನಲ್ಲಿ ಕಟ್ಟಿಕೊಟ್ಟಳು. ಅವನು ಬನ್ನಿಹಟ್ಟಿಯ ಬಸ್ಸು ಹತ್ತಿದ.

ಬನ್ನಿಹಟ್ಟಿಯಲ್ಲಿಳಿದು ಅಲ್ಲಿನ ಪೇಟೆ ಓಣಿಯ ಬಾಯಿಗೆ ಬಂದವನು ಸುಮ್ಮನೆ ನಿಂತುಬಿಟ್ಟ. ಜವಳಿ ಅಂಗಡಿ, ಪಾತ್ರೆ ಅಂಗಡಿ, ಖಾನಾವಳಿ, ಎಲ್ಲೆಲ್ಲೂ ಮದುವೆಯವರ ಗದ್ದಲ. ಒಂದು ಬಾಗಿಲಲ್ಲಿ ಮಾಬುಬಿ ಯಾರದೋ ಕೈ ಹಿಡಿದು ಬಳೆ ಏರಿಸುತ್ತಿದ್ದಳು. ಅವಳು ನೋಡುವಷ್ಟರಲ್ಲಿ ಅವನು ಮುಖ ತಿರುಗಿಸಿ, ಎದುರಿಗಿದ್ದ ಜವಳಿ ಅಂಗಡಿಯ ಬಾಗಿಲಲ್ಲಿ ಬಾಸಿಂಗದ ಪರಸಪ್ಪ ಎಲ್ಲಿ ಎಂದು ವಿಚಾರಿಸಿದ. ಅಂಗಡಿಯ ಯಜಮಾನ ಕೊಟ್ರೇಶಪ್ಪ ಎಂಬ ನಡುವಯಸ್ಸಿನವನು ಗಾದಿಯಿಂದೆದ್ದು ಚಪ್ಪಲಿ ಮೆಟ್ಟಿಕೊಂಡ.

“ಬರ್ರಿ, ನಾನ ಒಪ್ಪಿಸಿ ಬರ್ತೀನಿ.”

ಷಡಕ್ಷರಪ್ಪ ಹೆಜ್ಜೆ ಎತ್ತಲಿಲ್ಲ. “ನಾನು ನಿಮ್ಮಲ್ಲಿ ಏನೂ ತಗೊಂಡಿಲ್ಲಲ್ರೀ?”

“ಓಣಿಗೆ ಬಂದೀರಲ್ಲ, ಅಷ್ಟು ಸಾಕು.” ಕೊಟ್ರೇಶಪ್ಪ ನಡೆಯುತ್ತಲೇ ಮಾತಾಡಿದ. “ಇದನ್ನ ನಮಗ ಕಲಿಸಿದವ ಪರಸಪ್ಪನೇ ನೋಡ್ರಿ. ಮೊದ್ಲು ನಾವೂ ನಾಯಿ ನರಿ ಕಚ್ಚಾಡಿದಂಗ ಕಚ್ಚಾಡ್ತಿದ್ವಿ. ಸಿರಿಗಲ್ಲಿನಾಗ ಚನ್ನವೀರಪ್ಪ ಅನ್ನೋ ಜವಳಿ ಸಾವ್ಕಾರ್ರು ಈ ಪದ್ಧತಿ ಹಾಕಿದ್ರಂತ. ಎಂಥಾ ಮನಷ್ಯಾ ಇರಬೇಕ್ರೀ ಅಂವ! ಅವರ ಮನಿತನ ಭಾಳ ಛಲೋ ಇರಬೇಕು.”

ಷಡಕ್ಷರಪ್ಪ ತಲೆ ತಗ್ಗಿಸಿ ಹಿಂದೆ ನಡೆದ. ಅಪ್ಪನ ಹೆಸರು ತನ್ನೂರಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಈ ಊರಿನಲ್ಲಿ, ಕಂಡರಿಯದವನ ಬಾಯಲ್ಲಿ ಅದು ಬದುಕಿತ್ತು. ತಾನು ಇಂಥವರ ಮಗ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಯಿತು.

“ಪರಸಪ್ಪ, ಇವರು ನಮ್ಮ ಮಂದಿ, ನೋಡಿ ಕೊಡು” ಎಂದು ಹೇಳಿ ಕೊಟ್ರೇಶಪ್ಪ ಹೊರಟುಹೋದ.

ಪರಸಪ್ಪ ತಲೆ ಎತ್ತಿದ. ಗುರುತು ಹತ್ತಿತು. ಎದ್ದು ತಾನು ಕೂತಿದ್ದ ಮಣೆಯನ್ನೇ ಕೊಟ್ಟು, “ಕುಂದರ್ರಿ ಸಾವ್ಕಾರ್ರ, ಶೈಲವ್ವನ ಮದುವೀನ?” ಎಂದ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಬೈದಿದ್ದರೆ ಷಡಕ್ಷರಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಪರಸಪ್ಪ ದಾರದ ಅಳತೆ ಹಿಡಿದು ಬೆಂಡು ಕತ್ತರಿಸತೊಡಗಿದ. ಮಧ್ಯಾಹ್ನದವರೆಗೆ ಬೇಗಡೆ ಅಂಟಿಸುತ್ತ ಕೂತ.

ಬಾಸಿಂಗ ಕೈಗೆ ಬಂದಾಗ ಷಡಕ್ಷರಪ್ಪ ಹೇಳಿದ: “ವಾಪಸ್ ಬಾ ಪರಸಪ್ಪ. ಆ ಬಾಗಿಲು ಒಡಿಸಿ ನಿನ್ನ ಅಂಗಡಿ ಮತ್ತ ಕಟ್ಟಿಸಿಕೊಡ್ತೀನಿ.”

“ಅಂಗಡಿ ಕಟ್ಟಿಸಿಕೊಡ್ತೀರಿ, ಖರೇ” ಎಂದ ಪರಸಪ್ಪ ಮೆಲ್ಲಗೆ. “ಓಣಿ ಎಲ್ಲಿಂದ ತರ್ತೀರ್ರೀ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು. ಮಗಳ ಮದುವೆ ಮುಗಿಯಿತು. ಕೆಲಸದವರೂ ಒಬ್ಬೊಬ್ಬರಾಗಿ ಬಿಟ್ಟರು. ಆದರೂ ಅವನು ದಿನಾ ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಿದ್ದ. ಹೋಗಲು ಅವನಿಗೆ ಬೇರೆ ಜಾಗ ಇರಲಿಲ್ಲ.

ಒಂದು ದಿನ ದೂರದ ಹಳ್ಳಿಯ ಒಬ್ಬ ಅಜ್ಜ, ಮದುವೆ ಗೊತ್ತಾದ ಮೊಮ್ಮಗಳನ್ನು ಕರೆದುಕೊಂಡು ಬಂದ. ಹಳೆಯ ನೆನಪಿನ ಮೇಲೆ ಸಿರಿಗಲ್ಲಿನಲ್ಲಿ ಇಳಿದಿದ್ದ. ಒಂದು ಧೋತರ ಕೊಂಡು ಕೇಳಿದ: “ಸಾವ್ಕಾರ್ರ, ಹುಡುಗಿಗೆ ಬಳಿ ಇಡಸ್ಬೇಕು, ಬಾಸಿಂಗ ಬೇಕು. ಮುಂದ ಎಲ್ಲಿ ಹೋಗೋಣು?”

ಷಡಕ್ಷರಪ್ಪ ಎದ್ದ. ಚಪ್ಪಲಿ ಮೆಟ್ಟಿಕೊಂಡ. “ಬರ್ರಿ, ಒಪ್ಪಿಸಿ ಬರ್ತೀನಿ” ಎಂದು ಮೆಟ್ಟಿಲಿಳಿದ.

ಓಣಿಗೆ ಬಂದು ನಿಂತ. ಈ ಕಡೆ ಬೀಗ, ಆ ಕಡೆ ಬೀಗ. ಪಕ್ಕದಲ್ಲಿ ಅಜ್ಜ ಮೊಮ್ಮಗಳ ಕೈ ಹಿಡಿದು ಕಾಯುತ್ತಿದ್ದ. ಷಡಕ್ಷರಪ್ಪ ನಡೆಯತೊಡಗಿದ. ಪದ್ಮಣ್ಣನ ಬಾಗಿಲು ದಾಟಿದ, ಮಾಬುಬಿಯ ಬಾಗಿಲು ದಾಟಿದ, ಓಣಿಯನ್ನೇ ದಾಟಿ ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ನಿಂತಿದ್ದ ಬಸ್ಸಿಗೆ ಅವರಿಬ್ಬರನ್ನೂ ಹತ್ತಿಸಿ ಕಂಡಕ್ಟರನಿಗೆ ಹೇಳಿದ:

“ಇವರು ನಮ್ಮ ಮಂದಿ. ಬನ್ನಿಹಟ್ಟಿಯಾಗ ಇಳಿಸಿಬಿಡಪ್ಪ.”

ನೀತಿ: ಪೇಟೆಯಲ್ಲಿ ನೆರೆಯವನ ಬಾಗಿಲು ಮುಚ್ಚಿಸಿದವನು ತನ್ನ ಬಾಗಿಲಿಗೆ ಬರುವ ದಾರಿಯನ್ನೇ ಮುಚ್ಚಿಕೊಳ್ಳುತ್ತಾನೆ. ಊರು ಹದವಾಗಿದ್ದರೆ ವ್ಯಾಪಾರ ಬೆಳೆಯುತ್ತದೆ, ನಿಜ. ಆದರೆ ಆ ಹದ ಇರುವುದು ಊರಿನ ಅಳತೆಯಲ್ಲಲ್ಲ, ಅಲ್ಲಿನವರು ಒಬ್ಬರನ್ನೊಬ್ಬರು ಬಾಳಿಸುವುದರಲ್ಲಿ.