ಅಡಿವೆಪ್ಪನ ಸಾಲು

ಮರುಳಯ್ಯನವರ ಹತ್ತಿರ ಮದ್ದು ಸಿಗುವುದು ಸುಲಭ, ರಜೆ ಸಿಗುವುದು ಕಷ್ಟ ಎಂದು ಶಿಷ್ಯರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ಮಲಪ್ರಭೆಯ ದಂಡೆಯ ಮೇಲೆ ಅವರ ಆಶ್ರಮ. ಅಲ್ಲಿ ವೈದ್ಯ ಕಲಿಸುತ್ತಿದ್ದರು. ಮೊದಲ ಕೆಲವು ವರ್ಷ ಬೇರು ಅಗೆಯುವುದು, ತೊಗಟೆ ಕುಟ್ಟುವುದು. ಅದರಲ್ಲಿ ಗಟ್ಟಿಯಾಗಿ ನಿಂತವರಿಗೆ ಮಾತ್ರ ಮೇಲಿನ ಪಾಠ.

ಮೇಲಿನ ಪಾಠಕ್ಕೆ ಬಂದ ದಿನ ಗುರುಗಳು ಆ ಶಿಷ್ಯನಿಗೆ ಮದ್ದಿನ ಪದ್ಯದ ಒಂದು ಸಾಲು ಕೊಡುತ್ತಿದ್ದರು. ದಿನಾ ಬೆಳಿಗ್ಗೆ ಬೇವಿನ ಕಟ್ಟೆಯ ಮೇಲೆ ಕೂತು ಒಬ್ಬರಾದ ಮೇಲೆ ಒಬ್ಬರು ತಮ್ಮ ಸಾಲು ಹೇಳಬೇಕು. ಎಲ್ಲರ ಬಾಯಿ ಸೇರಿದರೆ ಪದ್ಯ. ಆಮೇಲೆ ಪಾಠ.

ಅಡಿವೆಪ್ಪನ ಸಾಲು ಚಿಕ್ಕದು. "ನೆರಳಲ್ಲಿ ಒಣಗಿದ ಬೇರು ಗುಣ ಬಿಡದು."

ಚಿಕ್ಕದಾದರೂ ಅವನದು. ಅದನ್ನು ಹೇಳುವಾಗ ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಶ್ರಾವಣದಲ್ಲಿ ಊರಿಂದ ಸುದ್ದಿ ಬಂತು. ಅಕ್ಕ ನೀಲವ್ವ ಹಡೆದಿದ್ದಾಳೆ, ಬಾಣಂತಿ ಜ್ವರ ಹತ್ತಿದೆ, ಏಳಲಾರಳು. ಅವಳ ಗಂಡ ಆ ಬೇಸಿಗೆಯಲ್ಲೇ ತೀರಿಕೊಂಡಿದ್ದ. ಮನೆಯಲ್ಲಿ ಮತ್ತೊಂದು ಜೀವ ಇರಲಿಲ್ಲ. ತಾಯಿ ಇಲ್ಲದ ಅಡಿವೆಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

ಅಡಿವೆಪ್ಪ ಗುರುಗಳ ಮುಂದೆ ಹೋಗಿ ನಿಂತ. ಅವರು ಹಿಪ್ಪಲಿ ಆರಿಸುತ್ತಿದ್ದರು.

"ಗುರುಗಳ, ರಜಾ ಬೇಕಾಗಿತ್ರಿ."

"ಯಾಕ?"

ಹೇಳಿದ.

"ಯಾವಾಗ ಬರ್ತಿ?"

"ಶೀಗಿ ಹುಣ್ಣಿವಿಗೆ ಬರ್ತೀನ್ರಿ."

"ತಡಾ ಆದ್ರ?"

"ಆಗಂಗಿಲ್ರಿ."

"ಆಗ್ತೈತೋ ಇಲ್ಲೋ ಅಂತ ಕೇಳಲಿಲ್ಲ. ಆದ್ರ ಏನ್ ಮಾಡ್ತಿ?"

ಅಡಿವೆಪ್ಪ ನೆಲಕ್ಕೆ ಬಿದ್ದಿದ್ದ ಒಂದು ಹಿಪ್ಪಲಿ ಎತ್ತಿ ಅವರ ಮುಂದಿಟ್ಟ.

"ಹೇಳಿ ಕಳಸ್ತಿ," ಎಂದರು ಗುರುಗಳು. "ರಜಾದ ಕಟ್ಟಳಿ ಇಷ್ಟ ನೋಡು. ತಾನ ಬಂದು ಕೇಳಬೇಕು. ಯಾಕಂತ ಹೇಳಬೇಕು. ಯಾವಾಗ ಬರ್ತೀನಂತ ಹೇಳಬೇಕು. ತಡಾ ಆದ್ರ ಸುದ್ದಿ ಮುಟ್ಟಸಬೇಕು. ನಾಳೆ ಮುಂಜಾನೆ ಹೊರಡು."

ಅಷ್ಟೇ. ರಜೆ ಕಷ್ಟ ಎಂದವರು ಯಾರೂ ಕೇಳಿ ನೋಡಿರಲಿಲ್ಲ ಅಂತ ಕಾಣುತ್ತದೆ.

ಸಂಜೆ ಅಡಿವೆಪ್ಪ ತನ್ನ ಒರಳು ತೊಳೆದು ಬೋರಲು ಹಾಕಿದ. ಕೂರುವ ಜಾಗ ಗುಡಿಸಿದ. ಪಕ್ಕದಲ್ಲಿ ಕೂರುವ ಶಾಂತವೀರನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋಗಿ ಅವನಿಗೆ ತನ್ನ ಸಾಲನ್ನು ಹೇಳಿಕೊಟ್ಟ. ರಾಗ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು, ಎಲ್ಲವನ್ನೂ.

ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಮಲಗಿದ.

ಬೆಳಿಗ್ಗೆ ಪದ್ಯ ಶುರುವಾಯಿತು. ಅಡಿವೆಪ್ಪ ಗಂಟು ಕಂಕುಳಲ್ಲಿ ಇಟ್ಟುಕೊಂಡು ಕಟ್ಟೆಯ ಕೆಳಗೆ ನಿಂತಿದ್ದ. ಶಾಂತವೀರ ತನ್ನ ಸಾಲು ಹೇಳಿದ, ಉಸಿರು ತೆಗೆದುಕೊಂಡು ಅಡಿವೆಪ್ಪನ ಸಾಲಿಗೂ ಬಾಯಿ ಹಾಕಿದ.

ಗುರುಗಳು ಕೈ ಎತ್ತಿದರು. ಪದ್ಯ ಅಲ್ಲೇ ನಿಂತಿತು.

"ಆ ಸಾಲು ಯಾರದು?"

"ಅಡಿವೆಪ್ಪಂದ್ರಿ. ನನಗ ಒಪ್ಪಿಸ್ಯಾನ್ರಿ."

"ನಿನಗ ಊಟಕ್ಕ ಎರಡು ಬಾಯಿ ಅದಾವೇನು?"

ಎಲ್ಲರೂ ನಕ್ಕರು. ಶಾಂತವೀರ ತಲೆ ತಗ್ಗಿಸಿದ. ಅಡಿವೆಪ್ಪನೇ ಮುಂದೆ ಬಂದ.

"ತಪ್ಪು ನಂದ್ರಿ. ನಾ ಇಲ್ಲದಾಗ ಪದ್ಯ ಮುಕ್ಕಾಗಬಾರದಂತ..."

"ನೀ ರಜಾ ಕೇಳಿದ್ಯೋ, ಬಿಡುಗಡಿ ಕೇಳಿದ್ಯೋ?"

"ರಜಾರಿ."

"ಹಂಗಾರ ನಿನ್ನ ಸಾಲು ನೀ ತಗೊಂಡು ಹೋಗು."

"ಇಲ್ಲಿ ಪದ್ಯ ಹೇಳೂದು ಹೆಂಗ್ರಿ?"

"ನಿನ್ನ ಸಾಲು ಬಂದಲ್ಲಿ ಸುಮ್ಮನ ಕೂಡ್ತೀವಿ. ಅದನ್ನ ಹೇಳಾಕ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು."

"ಕೇಳಿದವ್ರಿಗೆ ಚಂದ ಅನಸಂಗಿಲ್ರಿ."

"ಹಾಲುಹಲ್ಲು ಬಿದ್ದ ಕೂಸು ಏನ್ ಮಾಡ್ತೈತಿ? ನಾಲಿಗಿ ತೂರಿಸಿ ತೂರಿಸಿ ಆ ಸಂದಿನ್ಯಾಗ ಆಡಸ್ತೈತಿ. ಚಂದ ಅನಸ್ತೈತಂತ ಅಲ್ಲ." ಗುರುಗಳು ಎದ್ದು ನಿಂತರು. "ಹೋಗು, ನಿಮ್ಮಕ್ಕ ಕಾಯಾಕತ್ತಾಳ."

ದೋಣಿಯವರೆಗೆ ಶಾಂತವೀರ ಬಂದ. ಅವನಿಗೆ ನಾಚಿಕೆ ಇನ್ನೂ ಆರಿರಲಿಲ್ಲ. ಬುದ್ಧಿ ಹೇಳಿಸಿಕೊಂಡವನಿಗೆ ಬುದ್ಧಿ ಹೇಳುವ ಆಸೆ ಬರುತ್ತದೆ.

"ಹುಷಾರ್ ಅಡಿವೆಪ್ಪ. ಹೇಳಿದ ದಿನಕ್ಕ ಬರಲಿಲ್ಲಂದ್ರ ಸಾಲು ಬ್ಯಾರೆಯವ್ರಿಗೆ ಹೋಗ್ತೈತಂತ."

"ಯಾರು ಹೇಳ್ಯಾರ?"

"ಎಲ್ಲಾರೂ ಅಂತಾರ."

ತಿರುಗಿ ಹೋಗಿ ಗುರುಗಳನ್ನು ಕೇಳಿದ್ದರೆ ಆಗುತ್ತಿತ್ತು. ದೋಣಿ ಬಿಟ್ಟಾಗಿತ್ತು. ಅಡಿವೆಪ್ಪ ಆ ಮಾತನ್ನು ಕಟ್ಟಳೆಗಳ ಜೊತೆಗೇ ಗಂಟಿನಲ್ಲಿ ಕಟ್ಟಿಕೊಂಡ.

ನೀಲವ್ವನ ಜ್ವರ ಹಟಮಾರಿ ಜ್ವರ. ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ಅಡಿವೆಪ್ಪ ಹೊಲದ ಬದುವಿನಲ್ಲಿ ಬೇರು ಹುಡುಕಿ ತಂದ, ಪಡಸಾಲೆಯ ನೆರಳಲ್ಲಿ ಹರವಿ ಒಣಗಿಸಿದ, ಕಷಾಯ ಕಾಸಿದ. ಬಟ್ಟೆಯ ಬತ್ತಿ ಅದ್ದಿ ಅದ್ದಿ ಕೂಸಿಗೆ ಆಡಿನ ಹಾಲು ಕುಡಿಸಿದ. ಅಕ್ಕನ ಮಗ್ಗ ನಿಂತರೆ ಮನೆ ನಿಲ್ಲುತ್ತದೆ ಎಂದು ಮಗ್ಗಕ್ಕೂ ಕೂತ. ಅವನು ನೇಯ್ದ ಬಟ್ಟೆ ಅಕ್ಕನಿಗೆ ಜ್ವರದಲ್ಲೂ ನಗು ತರಿಸುತ್ತಿತ್ತು.

ಆಶ್ವಯುಜದ ಶೀಗಿ ಹುಣ್ಣಿಮೆ ಬಂತು. ಅಕ್ಕನಿಗೆ ಕೂರಲೂ ಆಗುತ್ತಿರಲಿಲ್ಲ.

ಅದೇ ವಾರ ಬಳೆಗಾರನೊಬ್ಬ ಬಂದ. ಅವನ ದಾರಿ ಆಶ್ರಮದ ಮುಂದೆಯೇ.

"ಗುರುಗಳಿಗೆ ಏನರ ಹೇಳೂದೈತೇನು?"

ಏನೆಂದು ಹೇಳುವುದು? ಬರುತ್ತೇನೆ ಎಂದರೆ ಯಾವಾಗ? ಇನ್ನು ಸ್ವಲ್ಪ ದಿನದಲ್ಲಿ ನಾನೇ ಹೋಗುತ್ತೇನಲ್ಲ.

"ಮುಂದಿನ ಸಲ ಹೇಳ್ತೀನಿ ತಗೋ," ಎಂದ ಅಡಿವೆಪ್ಪ.

ಮುಂದಿನ ಸಲ ಬಳೆಗಾರ ಬಂದಾಗ ಅಡಿವೆಪ್ಪ ಹಿತ್ತಲಿಗೆ ಹೋಗಿ ನಿಂತ. ಒಂದು ವಾರ ತಡವಾದರೆ ಹೇಳಿ ಕಳಿಸಬಹುದು, ತಿಂಗಳುಗಟ್ಟಲೆ ತಡವಾದ ಮೇಲೆ ಹೇಳಲು ಮುಖ ಬೇಕು. ಅವನಿಗೆ ನಾಚಿಕೆಯಾಗಿತ್ತು.

ಎಳ್ಳ ಅಮಾವಾಸ್ಯೆಗೆ ನೀಲವ್ವ ಎದ್ದು ರೊಟ್ಟಿ ಬಡಿದಳು. ಸಂಕ್ರಾಂತಿ ಕಳೆಯುವುದರಲ್ಲಿ ಮಗ್ಗಕ್ಕೆ ಕೂತಳು. ಕೂಸು ಮಗುಚಿಕೊಂಡು ಅಂಬೆಗಾಲಿಗೆ ಬಂತು.

ಅಡಿವೆಪ್ಪ ಮಾತ್ರ ಹೊರಡಲಿಲ್ಲ. ಬಾವಿಯ ಹಗ್ಗ ಸವೆದಿದೆ ಎಂದ. ಹಗ್ಗ ಹೊಸೆದಾದ ಮೇಲೆ ಮಾಳಿಗೆ ಸೋರುತ್ತದೆ ಎಂದ. ಆಗ ಎರಡು ತಿಂಗಳಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಬೆಳಿಗ್ಗೆ ಪದ್ಯದ ಹೊತ್ತಿಗೆ ಅವನು ಏನಾದರೂ ಗಟ್ಟಿ ಸದ್ದು ಮಾಡುವ ಕೆಲಸ ಹುಡುಕಿಕೊಳ್ಳುತ್ತಿದ್ದ.

ಯುಗಾದಿಯ ದಿನ ನೀಲವ್ವ ಬೇವು ಬೆಲ್ಲದ ಬಟ್ಟಲು ಹಿಡಿದುಕೊಂಡು ಬಂದಳು. ಅಡಿವೆಪ್ಪ ಬಾಗಿಲಿನ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. ಆ ಬಾಗಿಲು ಗಟ್ಟಿಯಾಗಿಯೇ ಇತ್ತು.

"ನಾ ಎದ್ದು ಎಷ್ಟು ದಿನಾತು, ನೀ ಇನ್ನಾ ಮಲಗೀಯಲ್ಲೋ."

"ನಾ ಎಲ್ಲಿ ಮಲಗೇನಿ?"

"ನಿಂತ ಮಲಗೀ. ಯಾಕ ಹೋಗವಲ್ಲಿ?"

ಅವನ ಕೈಯಿಂದ ಸುತ್ತಿಗೆ ಜಾರಿತು. ಕೇಳುವವರು ಸಿಕ್ಕರೆ ಸಾಕಾಗಿತ್ತು, ಅಲ್ಲೇ ಕೂತು ಅತ್ತುಬಿಟ್ಟ.

"ನನ್ನ ಸಾಲು ಹೋತಕ್ಕ. ಹೇಳಿದ ದಿನಕ್ಕ ಹೋಗಲಿಲ್ಲ, ಸುದ್ದೀನೂ ಕಳಸಲಿಲ್ಲ. ಅದನ್ನ ಬ್ಯಾರೆಯವ್ರಿಗೆ ಕೊಟ್ಟಿರ್ತಾರ."

"ಹಂಗಂತ ಗುರುಗಳು ಹೇಳ್ಯಾರ?"

"ಎಲ್ಲಾರೂ ಅಂತಾರ."

"ನಾ ಕೇಳಿದ್ದು ಗುರುಗಳ ಮಾತು."

ಅಡಿವೆಪ್ಪ ಮುಖ ಒರೆಸಿಕೊಂಡು ಸುತ್ತಿಗೆಗೆ ಕೈ ಚಾಚಿದ.

"ಹೋಗಿದ್ರ, ಹೋಗೇತಿ ಅನ್ನೂದನ್ನ ಕೇಳಿಕೊಂಡರ ಬಾ," ಎಂದಳು ನೀಲವ್ವ. ಬೇವು ಬೆಲ್ಲವನ್ನು ತಾನೇ ಅವನ ಬಾಯಿಗೆ ಹಾಕಿದಳು. "ನನ್ನ ಜ್ವರಾ ಹೋತು. ಅದರ ಹೆಸರು ಹೇಳಿಕೊಂಡು ಇನ್ನೆಷ್ಟು ದಿನ ಕೂಡ್ತಿ?"

ಮರುದಿನವೇ ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ತಪ್ಪಾಯಿತು ಗುರುಗಳೇ. ಸಾಲು ಯಾರಿಗೆ ಕೊಟ್ಟಿದ್ದರೂ ಸಂತೋಷ. ಕಾಲಿಗೆ ಬಿದ್ದು ಹೋಗಲು ಬಂದೆ. ಇಷ್ಟು ಹೇಳಿ ಸಂಜೆಯ ದೋಣಿಗೆ ತಿರುಗಿಬಿಡುವುದು.

ರಾತ್ರಿ ದಾರಿಯಲ್ಲೇ ಕಳೆದು ಆಶ್ರಮ ಮುಟ್ಟಿದಾಗ ಹೊತ್ತು ಹುಟ್ಟುತ್ತಿತ್ತು. ಕಟ್ಟೆಯ ಮೇಲೆ ಆಗಲೇ ಪದ್ಯ ಶುರುವಾಗಿತ್ತು. ಮುಖ ತೋರಿಸುವ ಧೈರ್ಯ ಬರಲಿಲ್ಲ. ಬೇವಿನ ಮರದ ಹಿಂದೆ ನಿಂತ. ಅವನ ಕಾಲ ಕೆಳಗೆ ಒಣಗಿದ ಎಲೆಗಳು ಸರಸರ ಎಂದವು.

ಗುರುಗಳು ಕಣ್ಣು ಮುಚ್ಚಿ ಕೂತಿದ್ದರು. ಶಿಷ್ಯರೂ ಕಣ್ಣು ಮುಚ್ಚಿಕೊಂಡೇ ಸಾಲು ಹೇಳುತ್ತಿದ್ದರು.

ಪದ್ಯ ಒಂದೊಂದೇ ಬಾಯಿ ದಾಟಿ ಈ ಕಡೆಗೆ ಬಂತು. ಕೊನೆಗೆ ಶಾಂತವೀರನ ದನಿ.

"ಕಿತ್ತ ಕೈ ತೊಳೆಯದೆ ಮದ್ದು ಮುಟ್ಟದಿರು."

ಇನ್ನು ಅವನದು. ಯಾರ ದನಿಯಲ್ಲಿ ಬರುತ್ತದೋ ಎಂದು ಅಡಿವೆಪ್ಪ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಯಾರೂ ಹೇಳಲಿಲ್ಲ.

ಶಾಂತವೀರ ಸುಮ್ಮನಿದ್ದ. ಅವನ ಆಚೆ ಕೂತವನೂ ಸುಮ್ಮನಿದ್ದ. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಹಾಗೇ ಇತ್ತು, ಗುಡಿಸಿಟ್ಟಿದ್ದರು. ಹೊಳೆಯ ಸದ್ದು ಕೇಳಿಸುತ್ತಿತ್ತು.

ಶ್ರಾವಣದಿಂದ ಇವತ್ತಿನವರೆಗೆ, ಅವನು ಸದ್ದು ಮಾಡುತ್ತ ಕೂತ ಬೆಳಗುಗಳಲ್ಲೆಲ್ಲ, ಇವರು ಇಲ್ಲಿ ಹೀಗೆ ಸುಮ್ಮನೆ ಕೂತಿದ್ದರು. ಅಡಿವೆಪ್ಪನಿಗೆ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

ಸುಮ್ಮನಿರುವ ಹೊತ್ತು ಮುಗಿಯಿತು. ಆಚೆ ಕೂತ ಶಿಷ್ಯ ತನ್ನ ಸಾಲಿಗೆ ಉಸಿರು ಎಳೆದುಕೊಂಡ.

ಗುರುಗಳು ಕಣ್ಣು ತೆರೆಯದೆ ಕೈ ಎತ್ತಿದರು.

ಆ ಶಿಷ್ಯ ಬಾಯಿ ಮುಚ್ಚಿದ. ಎಲ್ಲರೂ ಕಾದರು. ಎತ್ತಿದ ಕೈ ಹಾಗೇ ಇತ್ತು.

"ನೆರಳಲ್ಲಿ..." ಎಂದ ಅಡಿವೆಪ್ಪ ಮರದ ಹಿಂದಿನಿಂದ. ದನಿ ಒಡೆಯಿತು. ಮತ್ತೆ ಮೊದಲಿನಿಂದ ಎತ್ತಿಕೊಂಡ. "ನೆರಳಲ್ಲಿ ಒಣಗಿದ ಬೇರು ಗುಣ ಬಿಡದು."

ಶಾಂತವೀರ ಕಣ್ಣು ಬಿಟ್ಟು ತಿರುಗಿ ನೋಡಿದ. ಅವನ ಮುಖವೆಲ್ಲ ನಗುವಾಗಿತ್ತು.

ಅಡಿವೆಪ್ಪ ಮರದ ಮರೆಯಿಂದ ಹೊರಗೆ ಬಂದು ಕೈಮುಗಿದ.

"ಗುರುಗಳ, ನಾ ಮಾತಿಗೆ ತಪ್ಪೇನ್ರಿ. ಶೀಗಿ ಹುಣ್ಣಿವಿಗೆ ಬರ್ತೀನಂದಾವ..."

ಗುರುಗಳು ಎತ್ತಿದ ಕೈಯನ್ನು ಇಳಿಸಿ, ಆ ಖಾಲಿ ಜಾಗ ತೋರಿಸಿದರು.

"ಪದ್ಯದ ನಡುವ ಮಾತಾಡಬಾರದು, ಅಡಿವೆಪ್ಪ. ಮುಂದಿನ ಸಾಲು ಯಾರದೋ, ಹೇಳ್ರಿ."