ಸಮುದ್ರದಲ್ಲಿ ಓಡಿದ ದಾಪುಗಾಲಿ

ಭೂಮಿ ಇನ್ನೂ ಎಳೆಯದಾಗಿತ್ತು. ಹೊಳೆಗಳು "ಸಮುದ್ರಕ್ಕೆ ದಾರಿ ಯಾವುದು?" ಎಂದು ಬೆಟ್ಟಗಳನ್ನು ಕೇಳುತ್ತಾ ಅಲೆಯುತ್ತಿದ್ದವು. ಆಗ ತಿಮಿಂಗಿಲಕ್ಕೆ ನಾಲ್ಕು ಕಾಲಿತ್ತು ಮಗಳೇ. ಹೌದು, ನಾಲ್ಕು ಕಾಲು, ಮೈತುಂಬಾ ಕೂದಲು!

ಆ ಮೊದಲ ತಿಮಿಂಗಿಲದ ಹೆಸರು ದಾಪುಗಾಲಿ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಚಾಚಿ, ಬಗ್ಗಿಸಿ, ಚಾಚಿ ಅವಳು ದಡದ ಮೇಲೆ ಓಡಿದರೆ ಗಾಳಿಯೂ ಹಿಂದೆ ಬೀಳುತ್ತಿತ್ತು.

ಅವಳಿಗೆ ಮೀನೆಂದರೆ ಪ್ರಾಣ. ಮೀನಿನಾಸೆಗೆ ಮೊಣಕಾಲುದ್ದ ನೀರಿಗೆ ಇಳಿದಳು. ಅವಳ ಮಗಳು ಸೊಂಟದವರೆಗೆ ಇಳಿದಳು. ಮೊಮ್ಮಗಳು ಕತ್ತಿನವರೆಗೆ. ಹೀಗೇ ಇಳಿದೂ ಇಳಿದೂ, ಎಷ್ಟೋ ತಲೆಮಾರಿನ ಮೇಲೆ ಒಬ್ಬಳು ದಡಕ್ಕೆ ಮರಳಲೇ ಇಲ್ಲ. ಅವಳ ಕೂದಲು ಉದುರಿತ್ತು. ಮುಂಗಾಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿತ್ತು. ಹಿಂಗಾಲು ಮೈಯೊಳಗೇ ಅಡಗಿತ್ತು.

"ನಿನ್ನ ಭಾರ ನಾನು ಹೊರುತ್ತೇನೆ, ನೀನು ಬೆಳೆ" ಎಂದಿತು ಸಮುದ್ರ.

ಅವಳು ಬೆಳೆದಳು, ಬೆಳೆದಳು, ಗುಡ್ಡದಷ್ಟಾದಳು. ಹೆಸರು ಮಾತ್ರ ಮುತ್ತಜ್ಜಿಯದೇ, ದಾಪುಗಾಲಿ.

ಮೀನುಗಳು ಅವಳನ್ನು ನೋಡಿ ನಕ್ಕವು. "ಇಷ್ಟು ದೊಡ್ಡ ಮೈ, ಈಜಲು ಬರೋದಿಲ್ಲ! ಬಾಲವನ್ನು ಆ ಕಡೆ ಈ ಕಡೆ ಆಡಿಸಬೇಕಮ್ಮಾ. ಅದೇ ಇಲ್ಲಿಯ ಪದ್ಧತಿ."

ದಾಪುಗಾಲಿ ಆ ಕಡೆ ಈ ಕಡೆ ಆಡಿಸಿದಳು. ಬೆನ್ನು ಲಟಲಟ ಎಂದಿತು. ನಾಲ್ಕು ಮಾರು ಸಾಗುವಷ್ಟರಲ್ಲಿ ಏದುಸಿರು. ನಾಚಿಕೆಯಿಂದ ಯಾರ ಮುಖವನ್ನೂ ನೋಡದಾದಳು.

ಒಂದು ದಿನ ದೊಡ್ಡ ಶಾರ್ಕ್ ಒಂದು ಅವಳ ಮರಿ ಪೋರಿಯ ಬೆನ್ನು ಹತ್ತಿತು.

"ಅಮ್ಮಾ!" ಎಂದು ಪೋರಿ ಚೀರಿದಳು.

ದಾಪುಗಾಲಿ ಮೀನಿನ ಹಾಗೆ ಈಜಿದಳು. ಆ ಕಡೆ, ಈ ಕಡೆ. ಮರಿ ದೂರವಾಯಿತು, ಇನ್ನೂ ದೂರವಾಯಿತು.

ಅಲೆಯ ಮೇಲಿದ್ದ ಗಾಳಿಗೆ ತಡೆಯಲಾಗಲಿಲ್ಲ. "ದಾಪುಗಾಲೀ, ಓಡೇ! ನಿನ್ನ ಮುತ್ತಜ್ಜಿ ನನ್ನನ್ನೇ ಸೋಲಿಸಿದವಳು!"

"ಓಡೋಕೆ ಕಾಲೆಲ್ಲಿದೆ?"

"ಅವಳು ಬರೀ ಕಾಲಿಂದ ಓಡಲಿಲ್ಲ, ಬೆನ್ನಿಂದ ಓಡಿದಳು!"

ದಾಪುಗಾಲಿ ಬೆನ್ನು ಬಗ್ಗಿಸಿದಳು. ಚಾಚಿದಳು. ಬಗ್ಗಿಸಿದಳು, ಚಾಚಿದಳು. ಬಾಲ ಮೇಲೆ, ಕೆಳಗೆ, ಮೇಲೆ, ಕೆಳಗೆ! ನೀರು ಸೀಳಿ ಎರಡಾಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವಳು ಶಾರ್ಕಿಗೂ ಮರಿಗೂ ನಡುವೆ ನಿಂತಿದ್ದಳು. ಬಾಲವನ್ನೆತ್ತಿ ಒಂದೇ ಏಟು, ಛಟಾರ್! ಶಾರ್ಕ್ ಪಲ್ಟಿ ಹೊಡೆದು ಓಡಿಹೋಯಿತು.

ಪೋರಿ ಅಮ್ಮನ ಹೊಟ್ಟೆಗೆ ಒತ್ತಿಕೊಂಡು ಹಾಲು ಕುಡಿದಳು. ಸುತ್ತಲೂ ಮೀನುಗಳು ಬಾಯಿ ತೆರೆದು ನೋಡುತ್ತಿದ್ದವು.

ಪುಟ್ಟ ಬಂಗುಡೆ ಮೀನೊಂದು ಮೆಲ್ಲಗೆ ಕೇಳಿತು, "ಇದ್ಯಾವ ಪದ್ಧತಿ, ಅಮ್ಮಾ?"

"ನಮ್ಮ ಮನೆಯದು" ಎಂದಳು ದಾಪುಗಾಲಿ, ತಲೆಯೆತ್ತಿ. "ನಾವು ಓಡುವವರು."

ಪೋರಿಯೂ ಹಾಗೇ ಕಲಿತಳು, ಪೋರಿಯ ಮಕ್ಕಳೂ ಕಲಿತರು. ಅದಕ್ಕೇ ನೋಡು, ಇವತ್ತಿಗೂ ಮೀನಿನ ಬಾಲ ನೆಟ್ಟಗೆ ನಿಂತು ಆ ಕಡೆ ಈ ಕಡೆ ಆಡುತ್ತದೆ, ತಿಮಿಂಗಿಲದ ಬಾಲ ಮಾತ್ರ ಅಗಲವಾಗಿ ಹರಡಿ, ಮೇಲೆ ಕೆಳಗೆ, ಮೇಲೆ ಕೆಳಗೆ ಬೀಸುತ್ತದೆ.