ಕಂಚುಗಾರನ ಗಾಳ

"ಗುರುಗಳೇ, ನನಗೆ ಇನ್ನೂ ದೊಡ್ಡ ಸಾಧನೆಯೊಂದನ್ನು ಹೇಳಿಕೊಡಿ" ಎಂದು ಶಿಷ್ಯ ಕೇಳಿದ. "ಜಪ ಮಾಡಿದೆ. ಮೌನ ಹಿಡಿದೆ. ನಲವತ್ತೆಂಟು ದಿನ ಒಂದೇ ಹೊತ್ತು ಉಂಡೆ. ಹಿರಿಯರು ಹೇಳುವ ಆ ಪರಮಾನಂದ ನನಗೆ ಒಮ್ಮೆಯೂ ದೊರೆಯಲಿಲ್ಲ. ನನ್ನ ಸಾಧನೆಯ ಬಲ ಸಾಲದೇನೋ."

ಗುರುಗಳು ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕುಳಿತುಕೋ. ಮೀನು ಹಿಡಿದವನ ಕತೆ ಹೇಳುತ್ತೇನೆ. ಮುಖ ಕಿವಿಚಬೇಡ, ನಿನಗೆ ತಿನ್ನು ಎನ್ನುತ್ತಿಲ್ಲ" ಎಂದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಹಂಡೆ, ಕೊಪ್ಪರಿಗೆ ಬಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮದುವೆಯ ಮನೆಯವರು ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಯಾರಾದರೂ ಲೋಟವನ್ನೋ ಬಟ್ಟಲನ್ನೋ ಕೇಳಿದರೆ, "ಅದನ್ನು ಸಂತೆಯಲ್ಲಿ ಕೊಳ್ಳಿ" ಎಂದು ಕಳುಹಿಸಿಬಿಡುತ್ತಿದ್ದ. ಸಣ್ಣ ಕೆಲಸವನ್ನು ಅವನು ಕೆಲಸವೆಂದೇ ಎಣಿಸುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಅವನ ಬಲಗೈ ನಡುಗತೊಡಗಿತು. ಸುತ್ತಿಗೆಯ ಏಟು ಬೀಳಬೇಕಾದಲ್ಲಿ ಬೀಳಲಿಲ್ಲ. ಒಂದು ಹಂಡೆಯ ಅಂಚು ಸೊಟ್ಟಗಾಯಿತು. ಅದನ್ನು ಯಾರಿಗೂ ತೋರಿಸದೆ ಗೋಣಿಚೀಲ ಮುಚ್ಚಿಟ್ಟ. ಆದರೆ ಹೆಂಡತಿ ಕಂಡಳು. ಅವಳೇ ಅವನನ್ನು ವೈದ್ಯನಲ್ಲಿಗೆ ಕರೆದೊಯ್ದಳು.

ವೈದ್ಯ ನಾಡಿ ಹಿಡಿದು ನೋಡಿ ಹೇಳಿದ: "ವಾರಕ್ಕೊಂದು ದಿನ ಸುತ್ತಿಗೆ ಮುಟ್ಟಬೇಡ. ನೀರಿರುವ ಕಡೆ ಹೋಗಿ ಸುಮ್ಮನೆ ಕೂತುಕೋ. ಮೂರು ತಿಂಗಳಲ್ಲಿ ನಡುಕ ತಗ್ಗದಿದ್ದರೆ ಸುತ್ತಿಗೆಯನ್ನೇ ಬಿಡಬೇಕಾಗುತ್ತದೆ."

ಸುಮ್ಮನೆ ಕೂರುವುದು ಕಂಚುಗಾರನಿಗೆ ಗೊತ್ತಿರಲಿಲ್ಲ. ಕೆರೆಗೆ ಹೋಗುವುದೇ ಆದರೆ ಮೀನನ್ನಾದರೂ ಹಿಡಿಯೋಣ ಎಂದುಕೊಂಡ. ಆ ಕೆರೆಯಲ್ಲಿ ಆಳುದ್ದದ ಮೀನೊಂದಿದೆ ಎಂದು ಊರಲ್ಲಿ ಮಾತಿತ್ತು. ಹಿಡಿದರೆ ಅದನ್ನೇ ಹಿಡಿಯಬೇಕು ಎಂದು ನಿಶ್ಚಯಿಸಿದ. ಬೆರಳಿನಷ್ಟು ದಪ್ಪದ ಕೊಕ್ಕೆ ಬಾಗಿಸಿದ. ಬಾವಿಯ ಹಗ್ಗಕ್ಕಿಂತ ತುಸು ತೆಳುವಾದ ಹುರಿ ಹೊಸೆದ. ಮೀನಿಗೆ ಆಸೆ ಹುಟ್ಟಲೆಂದು ಹಿತ್ತಾಳೆಯ ತಗಡಿನಲ್ಲಿ ಗೇಣುದ್ದದ ಹುಸಿಮೀನು ಮಾಡಿ, ಮೈಮೇಲೆ ಒಂದೊಂದೇ ಹುರುಪೆ ಕೊರೆದ. ಅಷ್ಟು ಚೆಂದದ ಗಾಳ ಆ ಸೀಮೆಯಲ್ಲೇ ಇರಲಿಲ್ಲ.

ಸೋಮವಾರ ಕೆರೆಯ ದಡಕ್ಕೆ ಹೋಗಿ ಗಾಳ ಬೀಸಿದ. ತೆಂಗಿನಕಾಯಿ ಬಿದ್ದಂತೆ ಸದ್ದಾಯಿತು. ದಡದಲ್ಲಿದ್ದ ಬೆಳ್ಳಕ್ಕಿಗಳೂ ಎದ್ದು ಹಾರಿದವು.

ಮೀನು ಬರಲಿಲ್ಲ. ಹಿತ್ತಾಳೆ ತೆಗೆದು ತಾಮ್ರದ್ದನ್ನು ಕಟ್ಟಿದ. ತಾಮ್ರ ತೆಗೆದು ಕೆಂಪು ಬಟ್ಟೆ ಕಟ್ಟಿದ. ಕೋಳಿಯ ಗರಿ ಕಟ್ಟಿದ. ಮೂರು ಸೋಮವಾರ ಹೀಗೇ ಕಳೆದವು. ಕೈ ಮೊದಲಿಗಿಂತ ಹೆಚ್ಚು ನಡುಗಿತು. ಪ್ರತಿ ಸಲವೂ ಸಿಡುಕಿಕೊಂಡೇ ಮನೆಗೆ ಬಂದ.

"ನಿಮ್ಮ ಸುತ್ತಿಗೆಯ ದಿನಗಳೇ ವಾಸಿ. ಸೋಮವಾರ ಬಂದರೆ ನನಗೆ ಹೆದರಿಕೆ" ಎಂದಳು ಹೆಂಡತಿ.

ಕೆರೆಯ ಕೆಳಗೆ ಸೊಪ್ಪು ಬೆಳೆಯುವ ಒಬ್ಬ ಹೆಂಗಸಿದ್ದಳು. ಮಡಿಗಳಿಗೆ ನೀರು ಹಾಯಿಸಿದ ಮೇಲೆ ದಡಕ್ಕೆ ಬಂದು ಮನೆಯ ಸಾರಿಗೆ ಬೇಕಾದಷ್ಟು ಮೀನು ಹಿಡಿದು ಹೋಗುತ್ತಿದ್ದಳು. ಬಿದಿರಿನ ಕೋಲು, ಹೊಲಿಗೆಯ ನೂಲು, ನೀರಿನ ಮೇಲೆ ತೇಲಲು ಬೆಂಡಿನ ಬದಲು ನವಿಲುಗರಿಯ ದಂಟು. ಇಷ್ಟೇ ಅವಳ ಸಾಮಾನು. ಮೂರು ವಾರ ಅವಳು ಕಂಚುಗಾರನನ್ನು ನೋಡಿ ನಗು ತಡೆದುಕೊಂಡಿದ್ದಳು. ನಾಲ್ಕನೆಯ ವಾರ ತಡೆಯಲಾಗಲಿಲ್ಲ.

"ಅಣ್ಣಾ, ನೀವು ಮೀನು ಹಿಡಿಯುವುದಕ್ಕೆ ಬಂದಿದ್ದೀರೋ, ಹೊಡೆಯುವುದಕ್ಕೆ ಬಂದಿದ್ದೀರೋ?"

ಕಂಚುಗಾರನಿಗೆ ಸಿಟ್ಟು ಬಂತು. ಆದರೆ ಅವಳ ಬುಟ್ಟಿಯಲ್ಲಿ ಮೀನಿತ್ತು, ಅವನ ಬುಟ್ಟಿಯಲ್ಲಿ ಇರಲಿಲ್ಲ. ಸಿಟ್ಟನ್ನು ನುಂಗಿಕೊಂಡ.

"ನನ್ನ ಗಾಳದಲ್ಲಿ ಏನು ಕಡಿಮೆಯಾಗಿದೆ ತಾಯಿ?"

"ಏನೂ ಕಡಿಮೆಯಾಗಿಲ್ಲ. ಈ ಕೆರೆಯ ಮೀನಿನ ಬಾಯಿ ನೋಡಿದ್ದೀರಾ?"

"ಬಾಯಿ ನೋಡಬೇಕಾದರೆ ಮೀನು ಸಿಗಬೇಕಲ್ಲ!"

ಅವಳು ಬುಟ್ಟಿಯಿಂದ ಒಂದು ಗೆಂಡೆ ಮೀನನ್ನು ತೆಗೆದು ಅವನ ಕೈಯಲ್ಲಿಟ್ಟಳು. ಅಂಗೈಯಗಲದ ಮೀನು. ಅವನು ಅದರ ತುಟಿಯನ್ನು ಉಗುರಿನಿಂದ ಬಿಡಿಸಿ ನೋಡಿದ. ಒಂದು ತೊಗರಿಕಾಳು ಹಿಡಿಯುವಷ್ಟು ಜಾಗ. ಪಾತ್ರೆ ಮಾಡಿಸಲು ಬಂದ ಪ್ರತಿಯೊಬ್ಬರನ್ನೂ "ಬಾಯಿ ಎಷ್ಟಗಲ ಬೇಕು?" ಎಂದು ಮೊದಲು ಕೇಳುತ್ತಿದ್ದವನು ಅವನು. ಇಲ್ಲಿ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಮತ್ತೆ ಆ ಆಳುದ್ದದ ಮೀನು?" ಎಂದ.

"ನಮ್ಮಜ್ಜಿ ಅದನ್ನು ಕಂಡಿದ್ದಳಂತೆ. ಆದರೆ ಅವಳೂ ಸಾರು ಮಾಡಿದ್ದು ಇದರದ್ದೇ."

ಕಂಚುಗಾರ ಮನೆಗೆ ಹೋಗಿ ಸಣ್ಣ ಕೊಕ್ಕೆ ಮಾಡಲು ಕುಳಿತ. ಸೂಜಿ ಕಾಯಿಸಿ ಬಾಗಿಸಿದರೆ ಮುರಿಯಿತು. ಇನ್ನೊಂದೂ ಮುರಿಯಿತು. ಕೊಪ್ಪರಿಗೆ ಮಣಿಸಿದ ಕೈಗೆ ಇಷ್ಟು ಕಡಿಮೆ ಬಲ ಹಾಕುವುದು ತಿಳಿಯದು. ಮಂಗಳವಾರ ಆಗಲಿಲ್ಲ, ಬುಧವಾರವೂ ಆಗಲಿಲ್ಲ. ಗುರುವಾರ ಅವನು ಮೊಣಕೈಯನ್ನು ಮೊಣಕಾಲಿಗೆ ಊರಿ, ಉಸಿರು ಬಿಟ್ಟು, ಕೈಯ ನಡುಕ ಬಂದು ಹೋಗುವವರೆಗೂ ಕಾದು, ಆಮೇಲೆ ಮೆಲ್ಲಗೆ ಒತ್ತಿದ. ಕೊಕ್ಕೆ ಬಾಗಿತು. ಎಡಗೈಯ ಮೇಲಿಟ್ಟು ನೋಡಿದ. ಇರುವೆಯ ಹಾಗೆ ಕಂಡಿತು.

ಹೊಳಪಿನ ಆಸೆ ಅವನಿಗೆ ಪೂರ್ತಿ ಹೋಗಿರಲಿಲ್ಲ. ತಗಡು ಕತ್ತರಿಸುವಾಗ ಉಳಿದ ಹಿತ್ತಾಳೆಯ ಚೂರೊಂದನ್ನು ಆರಿಸಿ, ಬೇವಿನ ಹೂವಿನ ಎಸಳಿನಷ್ಟು ಕತ್ತರಿಸಿ ಕೊಕ್ಕೆಯ ಮೇಲೆ ಕೂರಿಸಿದ. ನೂಲು ಕಟ್ಟಲು ಮಾತ್ರ ಬೆರಳು ಒಪ್ಪಲಿಲ್ಲ. ಹೆಂಡತಿಯನ್ನು ಕರೆದ. ಅವಳು ಬಾಗಿಲ ಬೆಳಕಿಗೆ ಹಿಡಿದು ಗಂಟು ಹಾಕಿದಳು.

"ಇದಕ್ಕೆ ಯಾವ ಮೀನು ಬರುತ್ತದೋ ನಾನೂ ನೋಡಬೇಕು" ಎಂದಳು.

ಮೂವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಬಾಳಿದ ಮನೆ ಅದು. ಗಂಡ ಹೆಂಡತಿ ಬೇಕಾದ ಮಾತನ್ನು ಸನ್ನೆಯಲ್ಲಿ ಮುಗಿಸಿಬಿಡುತ್ತಿದ್ದರು. ಆ ಸೋಮವಾರ ಇಬ್ಬರೂ ಕೂಡಿ ಕೆರೆಗೆ ಹೋದರು. ದಾರಿಯುದ್ದಕ್ಕೂ ಅವಳು ಮಾತನಾಡಿದಳು, ಅವನು ಕೇಳಿದ.

ಕೊಕ್ಕೆಗೆ ಎರೆಹುಳುವಿನ ಚೂರು ಸಿಕ್ಕಿಸಿ ನೀರಿಗೆ ಬಿಟ್ಟ. ಸದ್ದೇ ಆಗಲಿಲ್ಲ. ಹಿತ್ತಾಳೆಯ ಚೂರು ಬಿಸಿಲಿಗೆ ಒಮ್ಮೆ ಮಿನುಗಿ ಮುಳುಗಿತು. ಸೊಪ್ಪಿನವಳು ಕೊಟ್ಟ ನವಿಲುಗರಿಯ ದಂಟು ನೀರಿನ ಮೇಲೆ ನಿಂತಿತು. ಆಮೇಲೆ ಅದು ನಡುಗಿತು.

"ನನ್ನ ಕೈಯೋ, ಮೀನೋ?" ಎಂದ ಕಂಚುಗಾರ.

"ಮೀನು! ಎಳೆಯಿರಿ!" ಎಂದಳು ಸೊಪ್ಪಿನವಳು.

ಅವನು ಎಳೆದ. ಆದರೆ ಕೊಪ್ಪರಿಗೆ ಎತ್ತುವ ಬಲದಿಂದಲೇ ಎಳೆದ. ಮೀನು ನೀರಿನಿಂದ ಚಿಮ್ಮಿ, ಅವನ ತಲೆಯ ಮೇಲೆ ಹಾರಿ, ಹಿಂದೆ ಕುಳಿತಿದ್ದ ಹೆಂಡತಿಯ ಮಡಿಲಿಗೆ ಬಿತ್ತು. ಅವಳು ಚೀರಿ ಎದ್ದಳು. ಮೀನು ಸೀರೆಯ ನೆರಿಗೆಯಲ್ಲಿ ಒದ್ದಾಡಿತು. ಹಿಡಿಯಹೋದ ಸೊಪ್ಪಿನವಳು ಜಾರಿ ಕೆಸರಿನಲ್ಲಿ ಕುಳಿತಳು. ಬಳಿಕ ಕಂಚುಗಾರನ ಹೆಂಡತಿ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮದುವೆಯಾದ ಹೊಸದರಲ್ಲಿ ಅವಳು ಹೀಗೆ ನಗುತ್ತಿದ್ದಳು ಎಂಬುದನ್ನು ಅವನು ಮರೆತೇಬಿಟ್ಟಿದ್ದ. ಅವನಿಗೂ ನಗು ಬಂತು. ನಗುತ್ತಾ ದಡದ ಮೇಲೆ ಕುಸಿದು ಕುಳಿತ. ಕೆಸರಿನಲ್ಲಿದ್ದವಳು ಏಳಲಾರದೆ ಅಲ್ಲೇ ನಕ್ಕಳು.

ಸಂಜೆಯವರೆಗೆ ಮೂವರೂ ಸರದಿಯಂತೆ ಗಾಳ ಹಾಕಿದರು. ಮೆಲ್ಲಗೆ ಎಳೆಯುವುದನ್ನು ಅವನು ಕಲಿತ. ಕೆಲವು ಮೀನು ಬಂದವು, ಕೆಲವು ಎರೆ ತಿಂದು ಹೋದವು. ಹೋದುದಕ್ಕೂ ನಕ್ಕರು.

ಮೂರು ತಿಂಗಳ ಮೇಲೆ ವೈದ್ಯ ನೋಡಿದಾಗ ನಡುಕ ತಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಕಂಚುಗಾರ ದೊಡ್ಡ ಸುತ್ತಿಗೆಯನ್ನು ತಮ್ಮನಿಗೆ ಕೊಟ್ಟು ಸಣ್ಣದನ್ನು ತಾನಿಟ್ಟುಕೊಂಡ. ದೀಪ, ಕುಂಕುಮದ ಭರಣಿ, ಹಸುಗೂಸಿಗೆ ಹಾಲು ಕುಡಿಸುವ ಒಳಲೆ, ಇವನ್ನು ಮಾಡತೊಡಗಿದ. ಸೋಮವಾರ ಅವನ ಅಂಗಡಿ ತೆರೆಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಸೊಪ್ಪಿನ ದಂಟುಗಳನ್ನು ಒಂದು ಕಡೆ ಸರಿಸಿದರು. ಕತೆ ಮುಗಿದಂತೆ ಶಿಷ್ಯನಿಗೆ ತೋರಲಿಲ್ಲ.

"ಗುರುಗಳೇ, ಆ ಆಳುದ್ದದ ಮೀನು ಕೊನೆಗೂ ಸಿಕ್ಕಿತೇ?"

"ಅವರು ಮೂವರೂ ಅದನ್ನು ಮರೆತು ಎಷ್ಟೋ ಕಾಲವಾಯಿತು, ಇನ್ನೂ ದಡದಲ್ಲಿ ಕಾಯುತ್ತಿರುವವನು ನೀನೊಬ್ಬನೇ" ಎಂದರು ಗುರುಗಳು.

ಶಿಷ್ಯ ಒಂದು ಹಿಡಿ ಸೊಪ್ಪನ್ನು ತನ್ನ ಕಡೆಗೆ ಎಳೆದುಕೊಂಡು ಸೋಸತೊಡಗಿದ.